ಉಪ್ಪಿನ ರಸ್ತೆಯಲ್ಲಿ ಎಂಎಕ್ಸ್-5: ಸ್ಪೋರ್ಟ್ಸ್ ಕಾರನ್ನು ಮಿಷಿಗನ್ ಚಳಿಗಾಲಕ್ಕೆ ಸಜ್ಜುಗೊಳಿಸಿದ ಕೆಲಸದ ದಾಖಲೆ

ಅಮೆರಿಕದ ಉತ್ತರದ ರಾಜ್ಯವಾದ ಮಿಷಿಗನ್ನಿನ ಚಳಿಗಾಲದಲ್ಲಿ ಸ್ಪೋರ್ಟ್ಸ್ ಕಾರು ಓಡಿಸಬಹುದೇ ಎಂದು ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಹಿಮವೇ ಇರುತ್ತದೆ. ಹಿಂದಿನ ಚಕ್ರಗಳ ಬಲದಿಂದ ಓಡುವ, ನೆಲಕ್ಕೆ ಒತ್ತಿಕೊಂಡಂತಿರುವ, ಎರಡೇ ಆಸನಗಳ ಹಗುರ ಕಾರು ಹಿಮದ ಮೇಲೆ ನಿಲ್ಲುವುದೇ ಕಷ್ಟವಲ್ಲವೇ ಎಂಬುದು ಅವರ ಆತಂಕ. ನನ್ನ 2008ರ ಮಜ್ದಾ ಎಂಎಕ್ಸ್-5 ಕಾರನ್ನು ಸಜ್ಜುಗೊಳಿಸಿ, ಚಳಿಗಾಲವಿಡೀ ಓಡಿಸಿ, ವಸಂತದಲ್ಲಿ ಅದರ ಅಡಿಭಾಗವನ್ನು ಮತ್ತೆ ಬಿಚ್ಚಿ ನೋಡಿದ ಮೇಲೆ ನನಗೆ ಖಚಿತವಾಗಿರುವ ಸಂಗತಿ ಬೇರೆ. ಹಿಮದ ತೊಂದರೆಯನ್ನು ಒಳ್ಳೆಯ ನಾಲ್ಕು ಟೈರುಗಳು ಬಹುಮಟ್ಟಿಗೆ ನೀಗಿಸುತ್ತವೆ. ಆ ಹಿಮವನ್ನು ಕರಗಿಸಲು ರಸ್ತೆಗೆ ಎರಚುವ ಉಪ್ಪಿನ ತೊಂದರೆಯನ್ನು ಯಾವ ಟೈರೂ ನೀಗಿಸಲಾರದು. ಹೀಗಾಗಿ ಓಡಿಸಬೇಕೋ ಬೇಡವೋ ಎಂಬ ತೀರ್ಮಾನವನ್ನು ಕಾರಿನ ಕೆಳಗೆ ಮಲಗಿ, ಕೈಯಲ್ಲಿ ಟಾರ್ಚು ಹಿಡಿದು ತೆಗೆದುಕೊಳ್ಳಬೇಕು. ಅಕ್ಟೋಬರಿನಿಂದ ಏಪ್ರಿಲಿನವರೆಗೆ ನಡೆದ ಕೆಲಸವನ್ನು ನಡೆದ ಕ್ರಮದಲ್ಲಿಯೇ ಇಲ್ಲಿ ಬರೆದಿದ್ದೇನೆ.

ಕಾರಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಇದು 2005ರಿಂದ 2015ರವರೆಗೆ ತಯಾರಾದ ಮೂರನೆಯ ತಲೆಮಾರಿನ ಎಂಎಕ್ಸ್-5. ಇದನ್ನು ಬಲ್ಲವರು ಎನ್‌ಸಿ ಎನ್ನುತ್ತಾರೆ. ಎರಡು ಲೀಟರಿನ ಎಂಜಿನ್, ಕೈಗೇರು, ಬಟ್ಟೆಯಂತೆ ಮಡಚುವ ಟಾಪು, 1,100 ಕೆಜಿಯ ಆಸುಪಾಸಿನ ತೂಕ. ಆ ತೂಕವೂ ಮುಂದಿನ ಹಿಂದಿನ ಚಕ್ರಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಹಂಚಿಕೊಂಡಿದೆ. ಬಾನೆಟ್ಟೂ ಡಿಕ್ಕಿಯ ಬಾಗಿಲೂ ಅಲ್ಯೂಮಿನಿಯಮ್ಮಿನವು, ಅವುಗಳ ಬಗ್ಗೆ ಚಿಂತೆಯಿಲ್ಲ. ಕೆಳಗಿನದು ಬಹುಪಾಲು ಉಕ್ಕು. ಈ ಕಾರಿನ ಮೊದಲ ತಲೆಮಾರನ್ನು ಜಗತ್ತಿಗೆ ತೋರಿಸಿದ್ದು 1989ರ ಫೆಬ್ರವರಿಯಲ್ಲಿ, ಚಿಕಾಗೋದ ವಾಹನ ಪ್ರದರ್ಶನದಲ್ಲಿ, ಅಂದರೆ ಉಪ್ಪಿನ ಸೀಮೆಯ ನಟ್ಟನಡುವೆ, ಚಳಿಗಾಲದಲ್ಲಿಯೇ ಎಂಬುದು ನನಗೆ ಆಗಾಗ ನೆನಪಾಗುತ್ತದೆ.

ಉಪ್ಪು ಹೇಗೆ ಕೆಲಸ ಮಾಡುತ್ತದೆ

ಮಂಗಳೂರು, ಕಾರವಾರಗಳ ಕಡೆ ಕಡಲ ಗಾಳಿಗೆ ಸ್ಕೂಟರಿನ ತಳ ತುಕ್ಕು ಹಿಡಿಯುವುದನ್ನು ಕಂಡವರಿಗೆ ಈ ಪ್ರಕ್ರಿಯೆ ಹೊಸದಲ್ಲ. ಇಲ್ಲಿ ಅದೇ ಉಪ್ಪು ಗಾಳಿಯಲ್ಲಿ ತೇಲಿ ಬರುವ ಬದಲು ನೀರಿನಲ್ಲಿ ಕರಗಿ, ಮುಂದಿನ ಚಕ್ರಗಳಿಂದ ಚಿಮ್ಮಿ, ಕಾರಿನ ಅಡಿಯ ಒಂದೊಂದು ಸಂದಿಗೂ ನುಗ್ಗುತ್ತದೆ. ಉಪ್ಪಿಗೆ ಇಲ್ಲಿ ಬರಗಾಲವೂ ಇಲ್ಲ. ಡೆಟ್ರಾಯಿಟ್ ನಗರದ ಕೆಳಗೆ ಸುಮಾರು 350 ಮೀಟರ್ ಆಳದಲ್ಲಿ ನೂರು ವರ್ಷಕ್ಕೂ ಹಳೆಯದಾದ ಉಪ್ಪಿನ ಗಣಿಯಿದೆ. ಹ್ಯೂರಾನ್ ಸರೋವರದ ಆಚೆಯ ದಡದಲ್ಲಿ, ಕೆನಡಾದ ಗಾಡರಿಚ್ ಎಂಬಲ್ಲಿ, ಸರೋವರದ ತಳದ ಅಡಿಯಲ್ಲಿ ಅಗೆಯುತ್ತಿರುವ ಗಣಿ ಜಗತ್ತಿನ ನೆಲದಡಿಯ ಉಪ್ಪಿನ ಗಣಿಗಳಲ್ಲೆಲ್ಲ ದೊಡ್ಡದು.

ಅಡುಗೆಯ ಉಪ್ಪಿನ ಜಾತಿಯದೇ ಆದ ಸೋಡಿಯಂ ಕ್ಲೋರೈಡು ನೂರಕ್ಕೆ 23 ಪಾಲಿನಷ್ಟು ನೀರಿನಲ್ಲಿ ಬೆರೆತಾಗ ಆ ದ್ರಾವಣ −21 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ. ಆದರೆ ರಸ್ತೆಯ ಮೇಲೆ ಅದು −9, −10 ಡಿಗ್ರಿಗಿಂತ ಕೆಳಗೆ ಬಹಳ ನಿಧಾನವಾಗಿ ಕೆಲಸ ಮಾಡುವುದರಿಂದ, ಹೆಚ್ಚಿನ ಚಳಿಯಲ್ಲಿ ಕ್ಯಾಲ್ಸಿಯಂ ಕ್ಲೋರೈಡನ್ನೋ ಮೆಗ್ನೀಸಿಯಂ ಕ್ಲೋರೈಡನ್ನೋ ಅದರೊಂದಿಗೆ ಸೇರಿಸುತ್ತಾರೆ. ಹಿಮ ಬೀಳುವ ಮುಂಚೆಯೇ ರಸ್ತೆಯ ಉದ್ದಕ್ಕೆ ಬಿಳಿ ಗೆರೆಗಳನ್ನು ಎಳೆದಂತೆ ಉಪ್ಪುನೀರನ್ನು ಸುರಿದುಕೊಂಡು ಲಾರಿಗಳು ಹೋಗುತ್ತವೆ. ನಮ್ಮ ಲೆಕ್ಕಕ್ಕೆ ಮುಖ್ಯವಾದುದು ತೇವ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75 ಶೇಕಡಾ ದಾಟಿದಾಗ ಮಾತ್ರ ಸಾಮಾನ್ಯ ಉಪ್ಪು ತಾನಾಗಿಯೇ ನೀರು ಹೀರಿ ಕರಗುತ್ತದೆ. ಮೆಗ್ನೀಸಿಯಂ ಕ್ಲೋರೈಡಿಗೆ ಅದರ ಅರ್ಧಕ್ಕಿಂತ ಕಡಿಮೆ ತೇವ ಸಾಕು, ಆದ್ದರಿಂದ ಅದು ಅಂಟಿದ ಲೋಹ ಒಣಗುವುದು ಅಪರೂಪ. ಇದರ ಜೊತೆಗೆ, ಮಿಕ್ಕ ರಾಸಾಯನಿಕ ಕ್ರಿಯೆಗಳಂತೆ ತುಕ್ಕು ಕೂಡ ಬೆಚ್ಚಗಿನಲ್ಲಿ ಬೇಗ ಬೆಳೆಯುತ್ತದೆ.

ಇವೆರಡನ್ನೂ ಕೂಡಿಸಿ ನೋಡಿದರೆ ಬಹಳ ಜನರ ನಂಬಿಕೆಗೆ ವಿರುದ್ಧವಾದ ಒಂದು ಚಿತ್ರ ಸಿಗುತ್ತದೆ. −15 ಡಿಗ್ರಿಯ, ಬಿಸಿಲು ಕಾಯುವ, ರಸ್ತೆ ಬೂದಿಬಣ್ಣಕ್ಕೆ ಒಣಗಿರುವ ದಿನ ಕಾರಿಗೆ ಅಷ್ಟೇನೂ ಅಪಾಯಕಾರಿಯಲ್ಲ. ಸೊನ್ನೆಯ ಆಸುಪಾಸಿನಲ್ಲಿ, ಹಿಮ ಅರೆ ಕರಗಿ ಕೆಸರಾಗಿ ಹರಿಯುವ ದಿನವೇ ಕೆಟ್ಟದ್ದು. ಅದಕ್ಕಿಂತಲೂ ಕೆಟ್ಟದ್ದು, ಆ ಕೆಸರನ್ನು ಹೊತ್ತ ಕಾರನ್ನು ರಾತ್ರಿ ಹೀಟರಿರುವ ಬೆಚ್ಚನೆಯ ಗ್ಯಾರೇಜಿನಲ್ಲಿ ನಿಲ್ಲಿಸುವುದು. ಕಾರಿನ ಮೇಲಿನ ಪ್ರೀತಿಗೆ ಗ್ಯಾರೇಜನ್ನು ಬೆಚ್ಚಗಿಡುವ ಅನೇಕರಿಗೆ ಈ ಮಾತು ಹಿಡಿಸುವುದಿಲ್ಲ, ಆದರೂ ಹೇಳಬೇಕಾದ ಮಾತು. ನನ್ನ ಗ್ಯಾರೇಜಿನ ಹೀಟರನ್ನು ಆ ಚಳಿಗಾಲವಿಡೀ ಹಚ್ಚಲಿಲ್ಲ.

ಅಕ್ಟೋಬರ್: ಅಡಿಯ ತಪಾಸಣೆ

ಮುಂಭಾಗವನ್ನು ಅಡ್ಡ ತೊಲೆಯ ನಡುವಿನಿಂದಲೂ ಹಿಂಭಾಗವನ್ನು, ಹಿಂದಿನ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನ ಕೆಳಗಿನಿಂದಲೂ ಜಾಕಿನಲ್ಲಿ ಎತ್ತಿ, ನಾಲ್ಕು ಮೂಲೆಗೂ ಸ್ಟ್ಯಾಂಡು ಕೊಟ್ಟು, ಕೈಯಿಂದ ಬಲವಾಗಿ ಅಲುಗಿಸಿ ನೋಡಿದ ನಂತರವೇ ಕೆಳಗೆ ಹೋದದ್ದು. ಬರಿಯ ಜಾಕನ್ನು ನಂಬಿ ಯಾರೂ ಕಾರಿನ ಕೆಳಗೆ ತಲೆ ಹಾಕಬಾರದು. ಎಂಜಿನ್ನಿನ ಕೆಳಗಿನ ಪ್ಲಾಸ್ಟಿಕ್ ತಟ್ಟೆ, ಚಕ್ರದ ಕಮಾನುಗಳ ಒಳಗಿನ ಲೈನರುಗಳು ಎಲ್ಲವನ್ನೂ ಬಿಚ್ಚಿ ಪಕ್ಕಕ್ಕಿಟ್ಟೆ. ಹಿಂದಿನ ಲೈನರುಗಳ ಹಿಂದೆ ಒಣಗಿದ ಮಣ್ಣು ಹಿಡಿಗಟ್ಟಲೆ ಕೂತಿತ್ತು. ಇದು ಉಪ್ಪುನೀರನ್ನು ಹೀರಿ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುವ ಜಾಗ. ತುಕ್ಕು ಬಣ್ಣದ ಹೊರಗೆ ಕಾಣಿಸಿಕೊಳ್ಳುವ ಹೊತ್ತಿಗೆ ಒಳಗಿನ ಕೆಲಸ ಮುಗಿದಿರುತ್ತದೆ.

ಎಂಎಕ್ಸ್-5ರಂಥ ಟಾಪು ತೆರೆಯುವ ಕಾರಿನಲ್ಲಿ ಮೊದಲು ನೋಡಬೇಕಾದುದು ಬಾಗಿಲ ಕೆಳಗೆ ಉದ್ದಕ್ಕೆ ಹಾಯುವ ಟೊಳ್ಳು ಪೆಟ್ಟಿಗೆಯನ್ನು, ಅಂದರೆ ಸಿಲ್‌ಗಳನ್ನು. ಮೇಲೆ ಉಕ್ಕಿನ ಛಾವಣಿ ಇಲ್ಲದಿರುವುದರಿಂದ ಕಾರು ಬಾಗದಂತೆ ಹಿಡಿದಿಡುವ ಭಾರದ ದೊಡ್ಡ ಪಾಲು ಈ ಸಿಲ್‌ಗಳ ಮೇಲೆ ಬೀಳುತ್ತದೆ. ಇಲ್ಲಿ ತೂತು ಬಿದ್ದರೆ ಅದು ಅಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಕಾರಿನ ಬೆನ್ನುಮೂಳೆಯ ಪ್ರಶ್ನೆಯಾಗುತ್ತದೆ. ಹಾಸನದ ಕಡೆಯ ನನ್ನ ಕಿರಿಯ ಸಹೋದ್ಯೋಗಿಯೊಬ್ಬ ಆ ದಿನ ಸಹಾಯಕ್ಕೆ ಬಂದಿದ್ದ. ಸ್ಕ್ರೂಡ್ರೈವರಿನ ಹಿಡಿಯಿಂದ ಅವನು ಸಿಲ್ಲಿನ ಉದ್ದಕ್ಕೂ ಬೆರಳಗಲಕ್ಕೊಂದರಂತೆ ತಟ್ಟುತ್ತ ಹೋದ. ಎಡಗಡೆ ಒಂದೇ ಸಮ ಕಣಕಣ ಸದ್ದು. ಬಲಗಡೆ, ಹಿಂದಿನ ಚಕ್ರಕ್ಕೆ ಒಂದು ಗೇಣು ಮುಂಚೆ, ಅವನು ಕೈ ನಿಲ್ಲಿಸಿದ.

"ಅಣ್ಣ, ಇಲ್ಲಿ ಸದ್ದು ಮಂಕಾಗಿದೆ, ನೀವೇ ಒಂದ್ಸಲ ಕೇಳಿ ನೋಡಿ."

"ತೂತಿದೆಯೇನೋ? ಬೆರಳಿಂದ ಒತ್ತಿ ನೋಡು."

"ಇಲ್ಲಣ್ಣ, ತಗಡು ಗಟ್ಟಿಯಾಗೇ ಇದೆ. ಒಳಗೆ ಏನೋ ತುಂಬ್ಕೊಂಡಿರೋ ಹಾಗಿದೆ."

ಅವನ ಊಹೆ ಸರಿಯಾಗಿತ್ತು. ಸಿಲ್ಲಿನ ತಳದಲ್ಲಿ ನೀರು ಹರಿದುಹೋಗಲು ಬಿಟ್ಟಿರುವ ಸೀಳು ಪೂರ್ತಿ ಕಟ್ಟಿಕೊಂಡಿತ್ತು. ಕೇಬಲ್ಲು ಕಟ್ಟುವ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಅದರೊಳಗೆ ತೂರಿಸಿ ಆಡಿಸಿದಾಗ ಮೊದಲು ನುಣ್ಣನೆಯ ಕಪ್ಪು ಮರಳು, ಆಮೇಲೆ ಕೊಳೆತ ಎಲೆಯ ಚೂರುಗಳು, ಕೊನೆಗೆ ಚಹಾದ ಬಣ್ಣದ ನೀರು ತೊಟ್ಟಿಕ್ಕಿತು. ಮೆದುವಾದ ಒತ್ತಡದಲ್ಲಿ ಒಳಕ್ಕೆ ನೀರು ಬಿಟ್ಟು, ಹೊರಬರುವ ನೀರು ತಿಳಿಯಾಗುವವರೆಗೆ ತೊಳೆದು, ಕೆಲವು ದಿನ ಫ್ಯಾನಿನ ಗಾಳಿಗೆ ಒಣಗಲು ಬಿಟ್ಟೆವು. ನಂತರ ತಂತಿಯ ತುದಿಯ ಸಣ್ಣ ಕ್ಯಾಮೆರಾವನ್ನು ಒಳಗಿಳಿಸಿದಾಗ ಕಿತ್ತಳೆ ಬಣ್ಣದ ಮೇಲ್ಮೈ ತುಕ್ಕು ಕಾಣಿಸಿತೇ ಹೊರತು ಪದರುಪದರಾಗಿ ಎದ್ದ ಉಕ್ಕು ಕಾಣಿಸಲಿಲ್ಲ. ಈ ಒಂದು ನೋಟವೇ ಆ ಚಳಿಗಾಲದ ನನ್ನ ತೀರ್ಮಾನಕ್ಕೆ ಆಧಾರವಾಯಿತು. ಅಲ್ಲಿ ಪದರು ಎದ್ದಿದ್ದರೆ ಕಾರನ್ನು ಮನೆಯಲ್ಲೇ ನಿಲ್ಲಿಸಿ, ಕೆಟ್ಟ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯುವ ಕೆಲಸಕ್ಕೆ ಕೈಹಾಕುತ್ತಿದ್ದೆ. ಲೇಪನದ ಡಬ್ಬಿ ತೂತನ್ನು ಮುಚ್ಚುವುದಿಲ್ಲ.

ಉಳಿದಂತೆ, ಚಕ್ರಗಳ ಜೋಡಣೆಯನ್ನು ಹೊರುವ ಉಕ್ಕಿನ ಚೌಕಟ್ಟಾದ ಹಿಂದಿನ ಸಬ್‌ಫ್ರೇಮಿನ ಬೆಸುಗೆಯ ಗೆರೆಗಳ ಮೇಲೆ ಮೇಲ್ಮೈ ತುಕ್ಕು ಇತ್ತು. ಉಕ್ಕಿನ ಬ್ರೇಕ್ ಪೈಪುಗಳು, ಕ್ಲಿಪ್ಪುಗಳು ಹಿಡಿದ ಜಾಗದಲ್ಲಿಯೂ ಸೇರಿದಂತೆ, ನಯವಾಗಿದ್ದವು. ಹಿಂದಿನ ಚಕ್ರಗಳ ಕೋನ ಸರಿಪಡಿಸುವ ಉದ್ದನೆಯ ಬೋಲ್ಟುಗಳು ಮಾತ್ರ ಚಿಂತೆಗೆ ಕಾರಣವಾದವು. ಉಪ್ಪಿನ ಸೀಮೆಯ ಎನ್‌ಸಿ ಕಾರುಗಳಲ್ಲಿ ಈ ಬೋಲ್ಟುಗಳು ಕೀಲಿನ ರಬ್ಬರು ಬುಶ್ಶಿನ ಒಳಗಿನ ಲೋಹದ ತೋಳಿಗೆ ತುಕ್ಕಿನಿಂದ ಬೆಸೆದುಕೊಂಡು ಅಲುಗದಂತಾಗುತ್ತವೆ, ಆಗ ಅಲೈನ್‌ಮೆಂಟ್ ಮಾಡಲಿಕ್ಕೇ ಬರುವುದಿಲ್ಲ. ನನ್ನ ಕಾರಿನಲ್ಲಿ ಮೂರು ಬೋಲ್ಟುಗಳು ಪಾನಾ ಹಾಕಿದಾಗ ತಿರುಗಿದವು, ಬಲ ಹಿಂದಿನದೊಂದು ತಿರುಗಲಿಲ್ಲ.

ಲೇಪನ

ರಬ್ಬರಿನಂತೆ ಗಟ್ಟಿಯಾಗಿ ಕೂರುವ ಕಪ್ಪು ಲೇಪನವನ್ನು ಹಳೆಯ ಕಾರಿಗೆ ನಾನು ಬಳಸುವುದಿಲ್ಲ. ಅದು ಹೊಸ ಲೋಹಕ್ಕೆ ಸರಿ. ತುಕ್ಕಿನ ಮೇಲೆ ಹಚ್ಚಿದರೆ ಎಲ್ಲೋ ಒಂದು ಕಡೆ ಬಿರುಕು ಬಿಟ್ಟು, ಆ ಬಿರುಕಿನಿಂದ ಒಳಹೊಕ್ಕ ಉಪ್ಪುನೀರನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ, ಮೇಲಿನಿಂದ ನೋಡುವವರಿಗೆ ಎಲ್ಲವೂ ಕಪ್ಪಗೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ಅದರ ಬದಲು ಒಣಗದೆ ಜಿಡ್ಡಾಗಿಯೇ ಉಳಿದು, ಗೀರು ಬಿದ್ದರೂ ಹರಿದು ಕೂಡಿಕೊಳ್ಳುವ ಲೇಪನ ಬೇಕು. ಫ್ಲೂಯಿಡ್ ಫಿಲ್ಮ್ ಎಂಬ ಹೆಸರಿನಲ್ಲಿ ಸಿಗುವುದನ್ನು ಬಳಸಿದೆ; ಅದರ ಮೂಲ ಲ್ಯಾನೊಲಿನ್, ಅಂದರೆ ಕುರಿಯ ಉಣ್ಣೆಯಿಂದ ತೆಗೆದ ಜಿಡ್ಡು. ಸಿಂಪಡಿಸಿದ ಕೂಡಲೇ ಗ್ಯಾರೇಜೆಲ್ಲ ಮಳೆಯಲ್ಲಿ ನೆನೆದ ಕಂಬಳಿಯಂತೆ ವಾಸನೆ ಬರುತ್ತದೆ. ನಮ್ಮ ಕುರುಬರ ಕಂಬಳಿ ಮಳೆಯನ್ನು ತಡೆಯುವುದರ ಹಿಂದೆಯೂ ಉಣ್ಣೆಯಲ್ಲಿ ಉಳಿದ ಇದೇ ಜಿಡ್ಡಿದೆ ಎಂಬುದರಿಂದ, ಆ ವಾಸನೆ ನನಗೆ ಹಿಡಿಸುತ್ತದೆ.

ಸಡಿಲವಾದ ತುಕ್ಕನ್ನು ವೈರ್ ಬ್ರಶ್ಶಿನಿಂದ ಕೆರೆದು, ಅಡಿಯನ್ನು ತೊಳೆದು, ಪೂರ್ತಿ ಒಣಗಲು ಬಿಟ್ಟು, ಕೈಯಿಂದ ಮುಟ್ಟಿದಾಗ ಎಲ್ಲಿಯೂ ತೇವ ಸಿಗದಿದ್ದ ಮೇಲೆ ಸಿಂಪಡಿಸಲು ತೊಡಗಿದೆ. ಸಿಲ್ಲಿನಂಥ ಟೊಳ್ಳು ಜಾಗಗಳಿಗೆ, ತುದಿಯಲ್ಲಿ ಸುತ್ತಲೂ ರಂಧ್ರಗಳಿರುವ ಉದ್ದನೆಯ ಕೊಳವೆಯನ್ನು ಒಳಕ್ಕೆ ಪೂರ್ತಿ ತೂರಿಸಿ, ಸಿಂಪಡಿಸುತ್ತಲೇ ನಿಧಾನವಾಗಿ ಹೊರಕ್ಕೆ ಎಳೆಯಬೇಕು. ತಳದ ಸೀಳುಗಳಿಂದ ಲೇಪನ ತೊಟ್ಟಿಕ್ಕಿತೆಂದರೆ ಒಳಗಿನ ಮಡಿಕೆಗಳಿಗೂ ತಲುಪಿದೆ ಎಂದು ತಿಳಿಯಬಹುದು. ಆ ಸೀಳುಗಳು ಮತ್ತೆ ಮುಚ್ಚಿಕೊಳ್ಳದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಸಬ್‌ಫ್ರೇಮು, ಬ್ರೇಕ್ ಪೈಪುಗಳು, ಬೋಲ್ಟುಗಳ ತಲೆ, ಜಾಕು ಕೊಡುವ ಸಿಲ್ಲಿನ ಅಂಚು, ಇವಕ್ಕೆಲ್ಲ ಧಾರಾಳವಾಗಿ ಹಚ್ಚಿದೆ. ಬ್ರೇಕ್ ಡಿಸ್ಕು ಮತ್ತು ಅದನ್ನು ಪ್ಯಾಡುಗಳಿಂದ ಒತ್ತುವ ಕ್ಯಾಲಿಪರುಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಸೈಲೆನ್ಸರ್ ಪೈಪಿಗೆ ಹಳೆಯ ಬಟ್ಟೆ ಹೊದಿಸಿ ಕಾಪಾಡಿದೆ. ಸಹಜ ರಬ್ಬರು ಈ ಜಿಡ್ಡಿಗೆ ಉಬ್ಬಿಕೊಳ್ಳುವುದರಿಂದ ಬುಶ್ಶುಗಳ ಮೇಲೆ ಬಿದ್ದುದನ್ನು ಒರೆಸಿ ತೆಗೆದೆ.

ಚಕ್ರ ಮತ್ತು ಟೈರು

ಬೇಸಿಗೆಯ ಸ್ಪೋರ್ಟ್ಸ್ ಟೈರಿನ ರಬ್ಬರು 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತ ಹೋಗುತ್ತದೆ. ಹಿಮವೇ ಇಲ್ಲದ ಒಣ ರಸ್ತೆಯಲ್ಲಿಯೂ ಹಿಡಿತ ಕಡಿಮೆಯಾಗುತ್ತದೆ. ಕಡು ಚಳಿಯಲ್ಲಿ ಅಂಥ ಟೈರು ಬಿರುಕು ಬಿಡಬಹುದೆಂದು ತಯಾರಕರೇ ಎಚ್ಚರಿಸುತ್ತಾರೆ. ಆದ್ದರಿಂದ ಬೇಸಿಗೆ ಟೈರಿನಲ್ಲಿ "ಹುಷಾರಾಗಿ" ಚಳಿಗಾಲ ಕಳೆಯುತ್ತೇನೆ ಎನ್ನುವುದು ನನ್ನ ಪ್ರಕಾರ ಚರ್ಚೆಗೆ ಅರ್ಹವಾದ ಆಯ್ಕೆಯೇ ಅಲ್ಲ. ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ ಮತ್ತು ಅದರೊಳಗೆ ಹಿಮದ ಹರಳಿನ ಗುರುತಿರುವ ನಿಜವಾದ ಚಳಿಗಾಲದ ಟೈರನ್ನೇ ಹಾಕಬೇಕು, ನಾಲ್ಕೂ ಚಕ್ರಗಳಿಗೆ ಹಾಕಬೇಕು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇದು ಕಾನೂನು. ಮಿಷಿಗನ್ನಿನಲ್ಲಿ ಕಾನೂನಿಲ್ಲ, ವಿವೇಕ ಸಾಕು.

ಕಾರಿನೊಂದಿಗೆ ಬಂದ 17 ಇಂಚಿನ ಚಕ್ರಗಳನ್ನು ಬಿಚ್ಚಿಟ್ಟು, ಅದೇ ಮಾದರಿಯ 16 ಇಂಚಿನ ಹಳೆಯ ಚಕ್ರಗಳನ್ನು ಕೊಂಡು, ಅವಕ್ಕೆ 205/50 ಅಳತೆಯ, ಅಂದರೆ 205 ಮಿಲಿಮೀಟರು ಅಗಲದ, ಪಕ್ಕೆಯ ಎತ್ತರ ಅದರ ನೂರಕ್ಕೆ 50 ಪಾಲಿರುವ ಟೈರು ಹಾಕಿಸಿದೆ. ಮೊದಲಿನ 205/45ರ 17 ಇಂಚಿಗೆ ಹೋಲಿಸಿದರೆ ಒಟ್ಟು ವ್ಯಾಸದಲ್ಲಿ ಐದು ಮಿಲಿಮೀಟರಿನ ವ್ಯತ್ಯಾಸ ಮಾತ್ರ, ಹಾಗಾಗಿ ಸ್ಪೀಡೋಮೀಟರು ತಪ್ಪು ಹೇಳುವುದಿಲ್ಲ. ಟೈರಿನ ಪಕ್ಕೆಯ ಎತ್ತರ ಮಾತ್ರ 92 ಮಿಲಿಮೀಟರಿನಿಂದ 102ಕ್ಕೆ ಏರುತ್ತದೆ. ನೀರು ಡಾಂಬರಿನ ಬಿರುಕಿಗಿಳಿದು ಹೆಪ್ಪುಗಟ್ಟಿ ಕರಗಿ ರಸ್ತೆಯನ್ನು ಒಡೆಯುವ ಫೆಬ್ರವರಿ, ಮಾರ್ಚುಗಳಲ್ಲಿ ಆ ಹತ್ತು ಮಿಲಿಮೀಟರು ಚಕ್ರದ ಅಂಚನ್ನು ಗುಂಡಿಗಳಿಂದ ಕಾಯುತ್ತದೆ. ಮೂರನೆಯ ತಲೆಮಾರಿನ ಚಕ್ರಕ್ಕೆ ಐದು ಬೋಲ್ಟುಗಳು, ಅವು 114.3 ಮಿಲಿಮೀಟರು ವ್ಯಾಸದ ವೃತ್ತದಲ್ಲಿ ಕೂರುತ್ತವೆ. ಅದರ ಮೊದಲಿನ ಎರಡು ತಲೆಮಾರುಗಳ ನಾಲ್ಕು ಬೋಲ್ಟಿನ ಚಕ್ರಗಳು ಇದಕ್ಕೆ ಕೂರುವುದಿಲ್ಲ ಎಂಬುದನ್ನು ಹಳೆಯ ಚಕ್ರ ಕೊಳ್ಳುವವರು ಗಮನಿಸಬೇಕು.

ಅಲ್ಯೂಮಿನಿಯಂ ಚಕ್ರ ತಾನು ಕೂರುವ ಉಕ್ಕಿನ ನಡುಭಾಗವನ್ನು, ಅಂದರೆ ಹಬ್ಬನ್ನು (hub), ಮುಟ್ಟುವ ಕಡೆ ಉಪ್ಪುನೀರು ಸೇರಿದರೆ ಎರಡು ಲೋಹಗಳ ನಡುವೆ ವಿದ್ಯುದ್ರಾಸಾಯನಿಕ ಕ್ರಿಯೆ ನಡೆದು ಚಕ್ರ ಹಬ್ಬಿಗೆ ಕಚ್ಚಿಕೊಳ್ಳುತ್ತದೆ. ದಾರಿಯಲ್ಲಿ ಟೈರು ಕೆಟ್ಟಾಗ ಒದ್ದರೂ ಕಳಚುವುದಿಲ್ಲ. ಹಬ್ಬಿನ ಮುಖವನ್ನು ಬ್ರಶ್ಶಿನಿಂದ ಹೊಳೆಯುವಂತೆ ಉಜ್ಜಿ, ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಗ್ರೀಸನ್ನು ಅಲ್ಲಿ ಮಾತ್ರ ತೆಳುವಾಗಿ ಸವರಿದೆ. ಬೋಲ್ಟಿನ ಮರೆಗಳಿಗೆ ಅದನ್ನು ಸವರಬಾರದು, ಸವರಿದರೆ ಟಾರ್ಕ್ ರೆಂಚು ತೋರಿಸುವುದಕ್ಕಿಂತ ಹೆಚ್ಚು ಬಿಗಿ ಬೋಲ್ಟಿನ ಮೇಲೆ ಬೀಳುತ್ತದೆ. ನಟ್ಟುಗಳನ್ನು ನೂರು ನ್ಯೂಟನ್ ಮೀಟರಿನ ಆಸುಪಾಸಿಗೆ ಬಿಗಿದೆ. ಗಾಳಿಯ ಒತ್ತಡ ಪ್ರತಿ ಐದಾರು ಡಿಗ್ರಿ ಇಳಿತಕ್ಕೆ ಸುಮಾರು ಒಂದು ಪಿಎಸ್‌ಐ ಇಳಿಯುವುದರಿಂದ, 29 ಪಿಎಸ್‌ಐಯನ್ನು ಬೆಳಗಿನ ಚಳಿಯಲ್ಲಿ, ಕಾರು ಓಡಿಸುವ ಮುಂಚೆ ಅಳೆದು ತುಂಬಬೇಕು. ಈ ಕಾರಿನಲ್ಲಿ ಸ್ಟೆಪ್ನಿ ಇಲ್ಲ, ತೂತು ಮುಚ್ಚುವ ದ್ರವ ಮತ್ತು ಸಣ್ಣ ಪಂಪು ಮಾತ್ರ ಕೊಟ್ಟಿದ್ದಾರೆ. ಅವುಗಳ ಜೊತೆಗೆ ಕೈಸಲಿಕೆ, ದಪ್ಪ ಕೈಗವಸು, ಹೊದಿಕೆಯೊಂದನ್ನು ಡಿಕ್ಕಿಯಲ್ಲಿಟ್ಟೆ. ಹಿಂದಿನ ಚಕ್ರಗಳಿಗೆ ಭಾರ ಸಿಗಲೆಂದು ಮರಳು ಮೂಟೆ ಇಡುವ ರೂಢಿ ಇದೆ. ಭಾರ ಸಮನಾಗಿ ಹಂಚಿಕೊಂಡಿರುವ ಈ ಕಾರಿಗೆ ಅದರ ಅಗತ್ಯವಿಲ್ಲ, ಜೊತೆಗೆ ಕಟ್ಟದ ಮೂಟೆ ಬ್ರೇಕ್ ಹಾಕಿದಾಗ ಅಪಾಯ.

ಸಣ್ಣ ಕೆಲಸಗಳು

ಟಾಪಿನ ಮೇಲೆ ಬಿದ್ದ ನೀರು ಆಸನಗಳ ಹಿಂದಿನ ಎರಡು ಮೂಲೆಗಳಿಂದ ಕೊಳವೆಯ ಮೂಲಕ ಇಳಿದು ಹಿಂದಿನ ಚಕ್ರಗಳ ಮುಂದೆ ಹೊರಬೀಳುತ್ತದೆ. ಈ ಕೊಳವೆಗಳು ಕಟ್ಟಿಕೊಂಡರೆ ಕರಗಿದ ಹಿಮ ಕಾರಿನ ಒಳಗೇ ಸೇರುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರವನ್ನು ಮೆಲ್ಲಗೆ ತೂರಿಸಿ, ಮೇಲಿನಿಂದ ಒಂದು ಲೋಟ ನೀರು ಹುಯ್ದು, ಕೆಳಗೆ ಅಷ್ಟೂ ನೀರು ಬಂತೇ ಎಂದು ಪರೀಕ್ಷಿಸಿದೆ. ಬಾಗಿಲಿನ ರಬ್ಬರು ಪಟ್ಟಿಗಳಿಗೆ ಸಿಲಿಕೋನ್ ಗ್ರೀಸು ಸವರಿದೆ, ಇಲ್ಲದಿದ್ದರೆ ಅವು ಗಾಜಿಗೆ ಹೆಪ್ಪುಗಟ್ಟಿ ಕಿತ್ತುಬರುತ್ತವೆ. ಎಂಜಿನ್ನನ್ನು ತಂಪಾಗಿಡುವ ಕೂಲಂಟು −37 ಡಿಗ್ರಿಯವರೆಗೆ ಹೆಪ್ಪುಗಟ್ಟದ, ನೀರಿನೊಂದಿಗಿನ ಅರ್ಧಕ್ಕರ್ಧ ಮಿಶ್ರಣವೇ ಎಂದು ದ್ರಾವಣದ ಸಾಂದ್ರತೆ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿದೆ. ಬ್ಯಾಟರಿಯನ್ನು ಪೂರ್ತಿ ಚಾರ್ಜು ಮಾಡಿ, ಕೆಲವು ಗಂಟೆ ಬಿಟ್ಟು ಅಳೆದಾಗ 12.6 ವೋಲ್ಟ್ ಇತ್ತು. −18 ಡಿಗ್ರಿಯಲ್ಲಿ ಸೀಸದ ಬ್ಯಾಟರಿಯ ಬಲ ಅರ್ಧದಷ್ಟಾಗುತ್ತದೆ, ಅದೇ ಹೊತ್ತಿಗೆ ಎಂಜಿನ್ ಎಣ್ಣೆ ಮಂದವಾಗಿ ಸ್ಟಾರ್ಟರು ಹೆಚ್ಚು ಬಲ ಕೇಳುತ್ತದೆ.

ಜನವರಿ: ರಸ್ತೆಯ ಮೇಲೆ

ಟೈರುಗಳ ಬಗ್ಗೆ ನಾನು ಇಟ್ಟುಕೊಂಡಿದ್ದ ಭರವಸೆಗಿಂತಲೂ ಕಾರು ಚೆನ್ನಾಗಿ ನಡೆದುಕೊಂಡಿತು. ಮೊದಲ ಹಿಮ ಬಿದ್ದ ಭಾನುವಾರ ಖಾಲಿ ಪಾರ್ಕಿಂಗ್ ಬಯಲಿನಲ್ಲಿ ಕಾರು ಎಲ್ಲಿ ಹಿಡಿತ ಬಿಡುತ್ತದೆ, ಬಿಟ್ಟಾಗ ಏನು ಮಾಡುತ್ತದೆ ಎಂಬುದನ್ನು ನಿಧಾನ ವೇಗದಲ್ಲಿ ಕಲಿತೆ. ಮುಂಭಾಗ ಹಗುರವಾಗಿರುವುದರಿಂದ ತಿರುಗಿಸಿದ ಕಡೆಗೆ ತಿರುಗುತ್ತದೆ, ಹಿಂಭಾಗ ಜಾರತೊಡಗುವುದು ಸೊಂಟಕ್ಕೆ ಮೊದಲು ತಿಳಿಯುತ್ತದೆ, ಕಾಲನ್ನು ಸ್ವಲ್ಪ ಸಡಿಲಿಸಿದರೆ ಮತ್ತೆ ಸಾಲಿಗೆ ಬರುತ್ತದೆ. ಜಾರುವಾಗ ಗೇರು ಇಳಿಸಿ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಹಿಂದಿನ ಚಕ್ರಗಳು ಒಮ್ಮೆಲೇ ತಡೆಗೊಂಡು ಕಾರು ತಿರುಗಿನಿಲ್ಲುತ್ತದೆ. ಎಂಜಿನ್ನಿನ ವೇಗವನ್ನು ಹೊಂದಿಸಿಯೇ ಕ್ಲಚ್ಚು ಬಿಡಬೇಕು. ಸೋಲುವುದು ಹಿಡಿತದಲ್ಲಲ್ಲ, ಎತ್ತರದಲ್ಲಿ. ಕಾರಿನ ತಳಕ್ಕೂ ನೆಲಕ್ಕೂ ಇರುವುದು ಹದಿಮೂರು ಸೆಂಟಿಮೀಟರಿನ ಆಸುಪಾಸು, ಆದ್ದರಿಂದ ಒಂದು ಗೇಣು ಹಿಮ ಬಿದ್ದು ಇನ್ನೂ ಗುಡಿಸದ ಬೀದಿಯಲ್ಲಿ ಅದು ಮುಂದಿನ ಬಂಪರಿನಿಂದ ಹಿಮವನ್ನು ತಳ್ಳಿಕೊಂಡು ಹೋಗಿ ಕೊನೆಗೆ ಅದರ ಮೇಲೇ ಕೂರುತ್ತದೆ. ಅಂಥ ದಿನಗಳಲ್ಲಿ ಮನೆಯ ಇನ್ನೊಂದು ಕಾರು ಹೊರಟಿತು.

ಇನ್ನೊಂದು ಕಾರು ಇರುವುದು ಈ ತೀರ್ಮಾನದಲ್ಲಿ ದೊಡ್ಡ ಪಾತ್ರ ವಹಿಸುತ್ತದೆ ಎಂದು ಒತ್ತಿ ಹೇಳಬೇಕು. ಎಂಎಕ್ಸ್-5 ಒಂದೇ ಕಾರಾಗಿದ್ದರೆ ಕೆಸರಿನ ದಿನಗಳಲ್ಲಿ ಅದನ್ನು ಮನೆಯಲ್ಲಿ ಬಿಡುವ ಸ್ವಾತಂತ್ರ್ಯ ಇರುವುದಿಲ್ಲ, ಆ ದಿನಗಳೇ ಅತಿ ಹೆಚ್ಚು ಹಾಳು ಮಾಡುವ ದಿನಗಳು. ಬೆಳಿಗ್ಗೆ ನಾನು ಗಮನಿಸುತ್ತಿದ್ದುದು ಹಿಮ ಬೀಳುತ್ತದೆಯೇ ಎಂಬುದಕ್ಕಿಂತ ರಸ್ತೆ ಒದ್ದೆಯಾಗಿದೆಯೇ ಎಂಬುದನ್ನು. ಒಣಗಿದ್ದರೆ ಕೀಲಿ ಎಂಎಕ್ಸ್-5ರದು.

ತಾಪಮಾನ ಸೊನ್ನೆ ದಾಟಿದ ಮಧ್ಯಾಹ್ನಗಳಲ್ಲಿ, ನಾಣ್ಯ ಹಾಕಿ ನಾವೇ ತೊಳೆಯುವ ಕಡೆಗೆ ಹೋಗಿ ಅಡಿಯನ್ನು ಶುದ್ಧ ನೀರಿನಿಂದ ತೊಳೆಯುತ್ತಿದ್ದೆ. ಕೆಲವು ಸ್ವಯಂಚಾಲಿತ ತೊಳೆಯುವ ಕೇಂದ್ರಗಳಲ್ಲಿ ಬಳಸಿದ ನೀರನ್ನೇ ಸೋಸಿ ಮತ್ತೆ ಬಳಸುತ್ತಾರೆ, ಸೋಸುವುದರಿಂದ ಮಣ್ಣು ಹೋಗುತ್ತದೆ, ಕರಗಿದ ಉಪ್ಪು ಹೋಗುವುದಿಲ್ಲ. ಕೊನೆಯ ಸುತ್ತಿಗೆ ಹೊಸ ನೀರು ಬರುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಲೇಪನ ಹಚ್ಚಿದ ಜಾಗಕ್ಕೆ ಹತ್ತಿರದಿಂದ ಒತ್ತಡದ ನೀರು ಹಾಯಿಸಬಾರದು, ತೋಳುದ್ದ ದೂರದಿಂದ ಬಿಟ್ಟರೆ ಸಾಕು. ಟಾಪಿನ ಮೇಲಿನ ಹಿಮವನ್ನು ಮೆತ್ತನೆಯ ಪೊರಕೆಯಿಂದ ಸರಿಸುತ್ತಿದ್ದೆ. ಚಳಿಗೆ ಸೆಟೆದುಕೊಂಡ ಟಾಪನ್ನು ಮಡಚಿದರೆ ಮಡಿಕೆಯ ಜಾಗದಲ್ಲಿ ಬಿರಿಯುತ್ತದೆ, ಹಾಗಾಗಿ ಬಿಸಿಲು ಎಷ್ಟೇ ಕರೆದರೂ ಅದನ್ನು ತೆರೆಯಲಿಲ್ಲ.

ಏಪ್ರಿಲ್: ಮತ್ತೆ ಕೆಳಗೆ

ರಸ್ತೆಯ ಉಪ್ಪನ್ನು ಒಂದೆರಡು ಜೋರು ಮಳೆ ತೊಳೆದುಕೊಂಡು ಹೋದ ನಂತರ ಬೇಸಿಗೆಯ ಚಕ್ರಗಳನ್ನು ಹಾಕುವ ನೆಪದಲ್ಲಿ ಎಲ್ಲವನ್ನೂ ಮತ್ತೆ ಬಿಚ್ಚಿದೆ. ಚಕ್ರಗಳು ಹಬ್ಬಿನಿಂದ ಕೈಗೇ ಬಂದವು. ಸಿಲ್ಲಿನೊಳಗೆ ಕ್ಯಾಮೆರಾ ಇಳಿಸಿದಾಗ ಲೇಪನ ಹಚ್ಚಿದಂತೆಯೇ ಜಿಡ್ಡಾಗಿ ಉಳಿದಿತ್ತು, ಅಕ್ಟೋಬರಿನಲ್ಲಿ ತೆಗೆದಿಟ್ಟಿದ್ದ ಚಿತ್ರದೊಂದಿಗೆ ಹೋಲಿಸಿದಾಗ ತುಕ್ಕಿನ ಅಂಚು ಹರಡಿರಲಿಲ್ಲ. ಹಿಂದಿನ ಸಬ್‌ಫ್ರೇಮಿನ ಮೇಲ್ಭಾಗವೂ ಹಾಗೆಯೇ ಇತ್ತು. ಆದರೆ ಚಕ್ರಗಳು ನೇರವಾಗಿ ನೀರು ಮರಳು ಎರಚುವ ಕಡೆ, ಅಂದರೆ ಚಕ್ರವನ್ನು ಕಾರಿಗೆ ಜೋಡಿಸುವ ಕೆಳಗಿನ ಕಂಟ್ರೋಲ್ ಆರ್ಮ್‌ಗಳ ಮುಂದಿನ ಮುಖದಲ್ಲಿ ಮತ್ತು ಸಿಲ್ಲಿನ ಹಿಂದಿನ ತುದಿಯಲ್ಲಿ, ಲೇಪನ ಪೂರ್ತಿ ಸವೆದುಹೋಗಿ ಒಂದು ಬೆಸುಗೆಯ ಮೇಲೆ ಹೊಸ ತುಕ್ಕು ಚಿಗುರಿತ್ತು. ಇಲ್ಲಿ ಒಂದೇ ಸಲದ ಲೇಪನ ಸಾಲದು. ಜನವರಿಯ ನಡುವೆ, ಒಣಗಿದ ಕಾರಿಗೆ ಮತ್ತೊಮ್ಮೆ ಹಚ್ಚಬೇಕು.

ಎಡ ಹಿಂದಿನ ಬ್ರೇಕ್ ಕ್ಯಾಲಿಪರಿನ ಜಾರುವ ಪಿನ್ನೊಂದು ಬಿಗಿದುಕೊಂಡಿತ್ತು, ಅದರಿಂದ ಒಳಗಿನ ಪ್ಯಾಡು ಹೊರಗಿನದಕ್ಕಿಂತ ಹೆಚ್ಚು ಸವೆದಿತ್ತು. ಪಿನ್ನನ್ನು ತೆಗೆದು, ಹಳೆಯ ಗ್ರೀಸನ್ನು ಒರೆಸಿ, ಬ್ರೇಕಿಗೆ ಯೋಗ್ಯವಾದ ಹೊಸ ಗ್ರೀಸು ತುಂಬಿ, ಹರಿದಿದ್ದ ರಬ್ಬರು ತೊಪ್ಪಿಯನ್ನು ಬದಲಿಸಿದೆ. ಬಲ ಹಿಂದಿನ ಆ ಹಟಮಾರಿ ಬೋಲ್ಟು ಈಗಲೂ ಅಲುಗಲಿಲ್ಲ.

ಕಾರನ್ನು ಐದು ತಿಂಗಳು ಮುಚ್ಚಿಡುವುದಕ್ಕೂ ಬೆಲೆ ಇದೆ ಎಂಬುದನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಟ್ಯಾಂಕು ತುಂಬಿಸಿ ಪೆಟ್ರೋಲು ಕೆಡದಂತೆ ದ್ರವ ಸೇರಿಸಬೇಕು, ಬ್ಯಾಟರಿಗೆ ಚಾರ್ಜರು ಹಚ್ಚಿಡಬೇಕು, ಹ್ಯಾಂಡ್‌ಬ್ರೇಕು ಕಚ್ಚಿಕೊಳ್ಳದಂತೆ ಅದನ್ನು ಬಿಟ್ಟು ಚಕ್ರಕ್ಕೆ ಅಡ್ಡ ಕೊಡಬೇಕು, ಇಲಿಗಳು ವೈರು ಕಡಿಯದಂತೆ ಕಾಯಬೇಕು. ಆಗಾಗ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದು ಬೇರೆ ತೊಂದರೆ, ಏಕೆಂದರೆ ಎಂಜಿನ್ ಪೂರ್ತಿ ಕಾಯದಿದ್ದರೆ ಉರಿದಾಗ ಹುಟ್ಟಿದ ನೀರು ಸೈಲೆನ್ಸರಿನಲ್ಲಿಯೇ ಉಳಿಯುತ್ತದೆ. ಇಷ್ಟಾದರೂ, ದಕ್ಷಿಣದ ರಾಜ್ಯಗಳಿಂದ ತಂದ, ಒಂದು ಚಳಿಗಾಲದ ಉಪ್ಪನ್ನೂ ಕಾಣದ, ಕಾರ್ಖಾನೆಯ ಬಣ್ಣ ಅಡಿಯಲ್ಲಿ ಇನ್ನೂ ಮಾಸದ ಕಾರು ನಿಮ್ಮ ಬಳಿಯಿದ್ದರೆ ಅದನ್ನು ಮುಚ್ಚಿಡಿ ಎಂದೇ ಹೇಳುತ್ತೇನೆ. ಅಂಥ ಅಡಿಭಾಗ ಈ ಸೀಮೆಯಲ್ಲಿ ಸಿಗುವುದು ಅಪರೂಪ, ಒಂದು ಸಲ ಉಪ್ಪು ಹೊಕ್ಕ ಮಡಿಕೆಯನ್ನು ಮೊದಲಿನಂತೆ ಮಾಡಲು ಯಾರಿಗೂ ಆಗುವುದಿಲ್ಲ. ನನ್ನ ಕಾರಿನಂತೆ ಆಗಲೇ ಕೆಲವು ಚಳಿಗಾಲಗಳನ್ನು ಕಂಡು, ಸಿಲ್‌ಗಳು ಗಟ್ಟಿಯಾಗಿದ್ದು, ಚಳಿಗಾಲದ ಟೈರು, ಲೇಪನ, ತೊಳೆಯುವ ನೀರು ಮತ್ತು ಕೆಸರಿನ ದಿನಕ್ಕೆ ಬೇರೊಂದು ಕಾರು ಇದ್ದರೆ, ಓಡಿಸಬಹುದು. ಇವುಗಳಲ್ಲಿ ಟೈರು ಮತ್ತು ಗಟ್ಟಿ ಸಿಲ್‌ಗಳಲ್ಲಿ ರಾಜಿ ಇಲ್ಲ.

ಮುಂದಿನ ಚಳಿಗಾಲದಲ್ಲೂ ನನ್ನ ಎಂಎಕ್ಸ್-5 ರಸ್ತೆಯ ಮೇಲೇ ಓಡುತ್ತದೆ. ಅದಕ್ಕೆ ಮುಂಚೆ ಬಲ ಹಿಂದಿನ ಬೋಲ್ಟಿನ ಕೆಲಸ ಆಗಬೇಕು. ಕಾಯಿಸಿ, ತುಕ್ಕು ಬಿಡಿಸುವ ಎಣ್ಣೆ ಕುಡಿಸಿ ಇನ್ನೊಮ್ಮೆ ನೋಡುತ್ತೇನೆ. ಬಗ್ಗದಿದ್ದರೆ ಬುಶ್ಶಿನ ಎರಡೂ ಬದಿ ಗರಗಸ ಹಾಯಿಸಿ ತೆಗೆದು, ಹೊಸ ಬೋಲ್ಟು ಮತ್ತು ಬುಶ್ಶನ್ನು ಮೈತುಂಬ ಗ್ರೀಸು ಸವರಿ ಕೂರಿಸಿ, ಅಲೈನ್‌ಮೆಂಟ್ ಮಾಡಿಸುತ್ತೇನೆ. ಭಾಗಗಳಿಗೆ ಆರ್ಡರು ಕೊಟ್ಟಾಗಿದೆ.